ಏಳನೇ ಗ್ಲಾಸಿಗೆ ನೀರು ಹಾಕಿದ್ದು ಯಾರು?

ಏಳನೇ ಗ್ಲಾಸು ಮತ್ತೆ ಕೈಕೊಟ್ಟಿತ್ತು.

ಚಮಚದಿಂದ ಇನ್ನೊಮ್ಮೆ ತಟ್ಟಿ ನೋಡಿದಳು ಸಿಡುಕಿ. ಸಣ್ಣಗೆ ‘ಟಿಣ್’ ಅನ್ನಬೇಕಾದದ್ದು ದಪ್ಪಗೆ ‘ಡಣ್’ ಎಂದಿತು. ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ಅದರಲ್ಲಿದ್ದದ್ದು ಎರಡು ಬೆರಳು ನೀರು. ಈಗ ಮುಕ್ಕಾಲು ಗ್ಲಾಸು ತುಂಬಿದೆ. ಗುರುತಿಗೆಂದು ಅಮ್ಮನ ನೇಲ್ ಪಾಲಿಶ್‌ನಲ್ಲಿ ಎಳೆದಿದ್ದ ಕೆಂಪು ಗೆರೆ ಎಲ್ಲೋ ಕೆಳಗೆ ಉಳಿದಿದೆ. ಮೊನ್ನೆಯೂ ಹೀಗೇ ಆಗಿತ್ತು, ನಿನ್ನೆಯೂ ಹೀಗೇ ಆಗಿತ್ತು.

“ಗುಂಡಾ, ಬಾರೋ ಇಲ್ಲಿ,” ಎಂದು ತಮ್ಮನನ್ನು ಕೂಗಿದಳು.

ಅವಳ ನಿಜವಾದ ಹೆಸರು ಬೇರೆಯೇ ಇದೆ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆಂದು ತಾತ ಅವಳನ್ನು ಸಿಡುಕಿ ಎಂದು ಕರೆದರು. ಆಮೇಲೆ ಮನೆಯವರೆಲ್ಲರ ಬಾಯಲ್ಲೂ ಅದೇ ನಿಂತಿತು. ಆದರೆ ಈ ವಾರ ಅವಳ ಜಾಗದಲ್ಲಿ ಯಾರಿದ್ದರೂ ಸಿಡುಕುತ್ತಿದ್ದರು.

ಮನೆಯಲ್ಲಿರುವ ಸಾಮಾನಿನಿಂದಲೇ ಒಂದು ವಾದ್ಯ ಮಾಡಿ, ಶನಿವಾರ ಎಲ್ಲರೆದುರು ಒಂದು ಹಾಡು ನುಡಿಸಬೇಕು, ಕೇಳಲು ಮನೆಯಿಂದ ಒಬ್ಬರನ್ನು ಕರೆತರಬೇಕು ಎಂದು ಮ್ಯೂಸಿಕ್ ಮಿಸ್ ಹೇಳಿದ್ದರು. ಕ್ಲಾಸಿನಲ್ಲಿ ಕೆಲವರು ಶೂ ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದು ಗಿಟಾರ್ ಮಾಡಿದರು. ಕೆಲವರು ಬಾಟಲಿಗೆ ಅಕ್ಕಿ ಹಾಕಿ ಗಿಲಕಿ ಮಾಡಿ ಕೈತೊಳೆದುಕೊಂಡರು. ಸಿಡುಕಿಗೆ ಅಷ್ಟು ಸಾಲದು. ನೆಂಟರಿಗೆಂದು ಎತ್ತಿಟ್ಟಿದ್ದ ಏಳು ಗಾಜಿನ ಗ್ಲಾಸುಗಳನ್ನು ಅಮ್ಮನ ಕೈಕಾಲು ಹಿಡಿದು ಇಳಿಸಿ, ಒಂದೊಂದಕ್ಕೆ ಒಂದೊಂದು ಅಳತೆಯ ನೀರು ಹಾಕಿ, ಏಳು ಸ್ವರ ಹೊರಡಿಸಿದ್ದಳು. ನೀರು ಹೆಚ್ಚಿದ್ದರೆ ದನಿ ದಪ್ಪ, ಕಡಿಮೆಯಿದ್ದರೆ ಸಣ್ಣ. ಊಟದ ಟೇಬಲ್ ಪೂರ್ತಿ ಗ್ಲಾಸುಗಳಿಗೇ ಹೋಯಿತು. ನಾಲ್ಕು ದಿನದಿಂದ ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದರು.

ಇದೆಲ್ಲ ಸಾಲದು ಎಂಬಂತೆ ಶನಿವಾರ ಅಮ್ಮನಿಗೆ ಮೆಡಿಕಲ್ ಶಾಪಿನಲ್ಲಿ ಡ್ಯೂಟಿ. ಕೇಳಲು ಬರುವವರು ತಾತ ಒಬ್ಬರೇ.

ಹೋದ ವರ್ಷವೂ ತಾತನೇ ಬಂದಿದ್ದರು. ಸಿಡುಕಿ ಒಂದಕ್ಷರ ತಪ್ಪದೆ ಪದ್ಯ ಹೇಳಿ ಸ್ಟೇಜಿನಿಂದ ಇಳಿದು ಓಡಿ ಬಂದರೆ, “ಯಾವ ಪದ್ಯ ಹೇಳಿದೆ?” ಎಂದು ಕೇಳಿದ್ದರು. ಕುರ್ಚಿಯಲ್ಲಿ ಕೂತು ನಿದ್ದೆ ಹೊಡೆದಿದ್ದಾರೆ ಎಂದುಕೊಂಡು ಅವಳು ಎರಡು ದಿನ ಮಾತೇ ಆಡಿರಲಿಲ್ಲ. ಈ ಸಲವಾದರೂ ತಾತ ಪೂರ್ತಿ ಕೇಳಬೇಕು. ಅದಕ್ಕೇ ಅವಳು ಇಷ್ಟು ಒದ್ದಾಡುತ್ತಿದ್ದದ್ದು.

ಗುಂಡ ಬಂದು ತಾನು ಗ್ಲಾಸು ಮುಟ್ಟಿಯೇ ಇಲ್ಲ ಎಂದ. ಸಿಡುಕಿ ನಂಬಲಿಲ್ಲ. ಅವನ ಬಾಲನ್ನು ಕಿತ್ತುಕೊಂಡು ಬೀರುವಿನ ಮೇಲಿಟ್ಟಳು. ಅವನು ಅಂಗಳಕ್ಕೆ ಹೋಗಿ ಊರಿಗೇ ಕೇಳುವಂತೆ ಅತ್ತ. ಅಮ್ಮ ಒಲೆಯ ಮೇಲೆ ಕುಕ್ಕರ್ ಬಿಟ್ಟು ಅವನನ್ನು ಸಮಾಧಾನ ಮಾಡಲು ಹೊರಗೆ ಬಂದಳು. ವಾಪಸ್ಸು ಹೋಗುವಷ್ಟರಲ್ಲಿ ಆಲೂಗಡ್ಡೆ ಸೀದು ಮನೆಯೆಲ್ಲ ಹೊಗೆ.

“ಅಪ್ಪ, ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ ಅಂತ ಹೇಳಿ ಹೋಗಿದ್ದೆ ಅಲ್ವಾ?”

ಅಮ್ಮ ಎರಡನೇ ಸಲ ಕೂಗಿ ಕೇಳಿದ ಮೇಲೆ ತಾತ ಪೇಪರಿನಿಂದ ತಲೆಯೆತ್ತಿ, ಒಂದು ವಿಷಲ್ಲೂ ಆಗಲಿಲ್ಲವಲ್ಲ ಎಂದರು. ಈ ಮನೆಯಲ್ಲಿ ತನಗೆ ತಲೆ ಕೆಡುವುದೊಂದು ಬಾಕಿ ಎಂದು ಗೊಣಗುತ್ತಾ ಅಮ್ಮ ಕುಕ್ಕರನ್ನು ಉಜ್ಜತೊಡಗಿದಳು.

ಮರುದಿನ ಶುಕ್ರವಾರ. ಸ್ಕೂಲಿನಿಂದ ಬಂದ ಸಿಡುಕಿ ಏಳನೇ ಗ್ಲಾಸಿನ ನೀರನ್ನು ಸರಿಯಾಗಿ ಗೆರೆಗೆ ತಂದಿಟ್ಟಳು. ಆಡಲು ಹೋಗುತ್ತೇನೆಂದು ಜೋರಾಗಿ ಸಾರಿ, ಗುಂಡನ ಕೈ ಹಿಡಿದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು.

“ನಾನಲ್ಲ ಅಂತ ಗೊತ್ತಾದ್ರೆ ಬಾಲ್ ಕೊಡ್ಬೇಕು,” ಎಂದು ಗುಂಡ ಪಿಸುಗುಟ್ಟಿದ.

ಸ್ವಲ್ಪ ಹೊತ್ತಿಗೆ ತಾತ ಬಂದರು. ಚಮಚ ಎತ್ತಿಕೊಂಡು, ಕತ್ತು ವಾಲಿಸಿ, ಒಂದೊಂದೇ ಗ್ಲಾಸನ್ನು ತಟ್ಟಿದರು. ಐದು ಗ್ಲಾಸಿಗೂ ತಲೆಯಾಡಿಸಿದರು. ಆರನೆಯದಕ್ಕೆ ಹುಬ್ಬು ಗಂಟಿಕ್ಕಿದರು. ಏಳನೆಯದನ್ನು ಮೂರು ಸಲ ತಟ್ಟಿ, ಕಿವಿಯನ್ನು ಹತ್ತಿರ ತಂದು, ಮತ್ತೆ ತಟ್ಟಿದರು. ಆಮೇಲೆ ಜಗ್ ತಂದು ನೀರು ಸುರಿದು ತಟ್ಟಿದರು. ‘ಡಣ್’ ಎಂದದ್ದೇ ಅವರ ಮುಖ ಅರಳಿತು.

“ಬಾಲ್ ಕೊಡು,” ಎಂದ ಗುಂಡ.

ಸಿಡುಕಿಗೆ ಮೈಯೆಲ್ಲ ಉರಿದುಹೋಯಿತು. “ತಾತ, ನೀವಾ? ಇಷ್ಟು ದಿನ ನನ್ನ ಪ್ರಾಣ ತಿಂತಾ ಇದ್ದದ್ದು ನೀವಾ?” ಎನ್ನುತ್ತಾ ಹೊರಗೆ ಬಂದಳು.

ತಾತನಿಗೆ ಒಂದಿಷ್ಟೂ ನಾಚಿಕೆಯಿಲ್ಲ. “ಅದಕ್ಕೆ ದನಿಯೇ ಇರಲಿಲ್ಲ ಕಣೇ. ನಾನು ರಿಪೇರಿ ಮಾಡಿದೆ. ನಲವತ್ತು ವರ್ಷ ಮಿಷನ್ ಪಕ್ಕ ನಿಂತೋನು ನಾನು, ಇದ್ಯಾವ ಲೆಕ್ಕ?” ತಾತ ಕೆಲಸ ಮಾಡಿದ್ದು ತಗಡಿನ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ. ಡಬ್ಬಿಯ ಮುಚ್ಚಳಗಳನ್ನು ಧಡ್ ಧಡ್ ಎಂದು ಒತ್ತುವ ಮಿಷನ್ ಅವರದು.

ಸಿಡುಕಿ ಹೆಚ್ಚಿನ ನೀರನ್ನು ಜಗ್ಗಿಗೆ ಚೆಲ್ಲಿ, ಚಮಚ ಕಿತ್ತುಕೊಂಡು ತಟ್ಟಿದಳು. ಟಿಣ್. ಇನ್ನೊಮ್ಮೆ ತಟ್ಟಿದಳು. ತಾತ ಚಮಚವನ್ನೇ ನೋಡುತ್ತಾ “ಹೂಂ, ಹೂಂ” ಎಂದರು. ಸಿಟ್ಟಿನಲ್ಲಿ ಮೂರನೇ ಸಲ ಚಮಚ ಎತ್ತಿದಳು. ಅಷ್ಟರಲ್ಲಿ ಗುಂಡ ಬಾಲ್ ಬೇಕೆಂದು ಅವಳ ತೋಳನ್ನು ಜಗ್ಗಿದ. ಚಮಚ ಗ್ಲಾಸಿಗೆ ತಾಗಲೇ ಇಲ್ಲ.

“ಹಾಂ, ಈಗ ಚೆನ್ನಾಗಿ ಬಂತು ನೋಡು,” ಎಂದರು ತಾತ.

ಗುಂಡ ಕಿಸಕ್ಕನೆ ನಕ್ಕ. ಸಿಡುಕಿಗೆ ನಗು ಬರಲಿಲ್ಲ. ಅವಳು ತಾತನ ಮುಖ ನೋಡಿದಳು. ತಾತ ಅವಳ ತುಟಿಗಳನ್ನೇ ನೋಡುತ್ತಿದ್ದರು. ಹೋದ ವರ್ಷದ ಪದ್ಯ ನೆನಪಾಯಿತು, ನಿನ್ನೆಯ ಕುಕ್ಕರ್ ನೆನಪಾಯಿತು. ಅಷ್ಟು ಹೊತ್ತು ಉರಿಯುತ್ತಿದ್ದ ಕೋಪವನ್ನು ಈಗ ಯಾರ ಮೇಲೆ ಹಾಕಬೇಕೋ ತಿಳಿಯದೆ ಅವಳಿಗೆ ಅಳು ಬಂದಂತಾಯಿತು. ಬೀರುವಿನ ಮೇಲಿಂದ ಬಾಲ್ ತೆಗೆದು ಗುಂಡನಿಗೆ ಕೊಟ್ಟಳು.

ಸಂಜೆ ಅಮ್ಮ ಕೆಲಸದಿಂದ ಬಂದು ಪಾತ್ರೆ ತೊಳೆಯುತ್ತಿದ್ದಾಗ, ದೊಡ್ಡ ಪಿಂಗಾಣಿ ಬಟ್ಟಲುಗಳು ಬೇಕು ಎಂದಳು ಸಿಡುಕಿ. ಅಮ್ಮನಿಗೆ ರೇಗಿತು. “ನಾಳೆ ನುಡಿಸೋಳು ಇವತ್ತು ವಾದ್ಯ ಬದಲಾಯಿಸ್ತೀಯಾ? ಗ್ಲಾಸಿಗೇನಾಗಿದೆ?”

“ಗ್ಲಾಸಿಗೇನೂ ಆಗಿಲ್ಲ. ತಾತನಿಗೆ ಸಣ್ಣ ದನಿ ಕೇಳಿಸಲ್ಲ ಅಮ್ಮ. ಕುಕ್ಕರ್ ವಿಷಲ್ಲೂ ಕೇಳಿಸಿಲ್ಲ.”

ಅಮ್ಮ ನಲ್ಲಿ ನಿಲ್ಲಿಸಿದಳು. ಆಮೇಲೆ ತಾನೇ ಸ್ಟೂಲ್ ಹತ್ತಿ ಮೇಲಿನ ಹಲಗೆಯಿಂದ ಐದು ದೊಡ್ಡವು, ಎರಡು ಚಿಕ್ಕವು, ಒಟ್ಟು ಏಳು ಬಟ್ಟಲು ಇಳಿಸಿಕೊಟ್ಟಳು.

ತಾತ ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ಸಿಡುಕಿ ಅವರ ಕುರ್ಚಿಯ ಹಿಂದೆ ಸದ್ದಿಲ್ಲದೆ ಕೂತು, ಮೊದಲನೇ ಬಟ್ಟಲನ್ನು ತಟ್ಟಿದಳು. ತಾತ ತಿರುಗಿ ನೋಡಿದರು. ಎರಡನೆಯದಕ್ಕೂ, ಮೂರನೆಯದಕ್ಕೂ ತಿರುಗಿದರು. ನಾಲ್ಕನೆಯದಕ್ಕೆ ತಿರುಗಲಿಲ್ಲ. ಸಿಡುಕಿ ಜಗ್ಗಿನಿಂದ ನೀರು ಹಾಕಿ ತಟ್ಟಿದಳು. ಇನ್ನಷ್ಟು ಹಾಕಿ ತಟ್ಟಿದಳು. ತಾತ ತಿರುಗಿದರು. ಕೊನೆಯ ಎರಡು ಚಿಕ್ಕ ಬಟ್ಟಲುಗಳಿಗೆ ಎಷ್ಟು ನೀರು ಹಾಕಿದರೂ ಅವರು ಅಲುಗಲಿಲ್ಲ. ಅವೆರಡನ್ನೂ ಪಕ್ಕಕ್ಕೆ ಸರಿಸಿದಳು. ನಾಲ್ಕು ದಿನ ಕಲಿತ ಹಾಡಿಗೆ ಏಳು ಸ್ವರ ಬೇಕು. ಉಳಿದದ್ದು ಐದು. ಬೇರೆ ಹಾಡನ್ನೇ ಕಟ್ಟಬೇಕು.

“ಏನೇ ಸಿಡುಕಿ, ಮನುಷ್ಯನಿಗೆ ನೆಮ್ಮದಿಯಾಗಿ ಪೇಪರ್ ಓದೋಕೂ ಬಿಡಲ್ವಾ?” ಎಂದು ಈಗ ತಾತನೇ ಸಿಡುಕಿದರು.

ಸಿಡುಕಿ ಎದ್ದು ಅವರ ಎದುರಿಗೆ ಬಂದು ನಿಂತಳು. “ಇನ್ನೊಂದೇ ಸಲ ತಾತ,” ಎಂದು ಬಿಡಿಸಿ ಬಿಡಿಸಿ ಹೇಳಿದಳು.

ಮತ್ತೆ ಕುರ್ಚಿಯ ಹಿಂದೆ ಹೋಗಿ ಐದನೇ ಬಟ್ಟಲನ್ನು ಮೆಲ್ಲಗೆ ತಟ್ಟಿದಳು. ತಾತ ತಿರುಗಿದರು.