ಬಲಗಡೆ ಬಿಚ್ಚಿದ ಹೊಲಿಗೆ

"ನನ್ನ ಗಂಡನ್ನ ಇವಳೇ ಕೊಲ್ಲೋಕೆ ನೋಡಿದ್ದು!"

ದರ್ಜಿಯ ಹೆಂಡತಿ ಸೊಸೆಯತ್ತ ಬೆರಳು ತೋರಿಸಿ ಕೂಗಿದರು. ಬೆವರಿನಲ್ಲಿ ತೊಯ್ದು ಎಚ್ಚರ ತಪ್ಪಿದ್ದ ದರ್ಜಿಯನ್ನು ಆಗಷ್ಟೇ ಆಂಬುಲೆನ್ಸಿಗೆ ಹತ್ತಿಸಿದ್ದೆ. ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು. ನಾನು ದರ್ಜಿಯ ಮನೆಯಿರುವ ಕಟ್ಟಡದ ಕೆಳಗಿನ ಕ್ಲಿನಿಕ್ಕಿನ ಕಾಂಪೌಂಡರ್.

ಇಂಥ ಹೊತ್ತಿನಲ್ಲಿ ನಮಗೆ ಮೂರನೇ ಮಹಡಿಯ ನಿವೃತ್ತ ಡಾಕ್ಟರಮ್ಮನೇ ಗತಿ. ಕಟ್ಟಡದಲ್ಲಿ ಕಳುವಾದ ಸೈಕಲ್ಲಿನಿಂದ ಹಿಡಿದು ಎಲ್ಲವನ್ನೂ ಪತ್ತೆ ಮಾಡಿದ್ದು ಅವರೇ, ಅವರ ಹಿಂದೆ ಚೀಲ ಹಿಡಿದು ಮೆರೆದದ್ದು ನಾನು.

"ಇನ್ಸುಲಿನ್ ಎಷ್ಟು ಕೊಟ್ಟೆಯಮ್ಮಾ?" ಎಂದರು ಕರೆದೊಡನೆ ಬಂದ ಡಾಕ್ಟರಮ್ಮ.

"ನಲವತ್ತು ಯೂನಿಟ್. ಮಾವ ದಿನಾ ತಗೊಳ್ಳೋದೂ ಅಷ್ಟೇ," ಸೊಸೆ ಇನ್ಸುಲಿನ್ ಸೀಸೆ ಮುಂದೆ ಚಾಚಿದಳು. "ನಿನ್ನೆ ಅವರ ಕೈ ಮುರೀತಲ್ಲ, ಅದಕ್ಕೆ ಇವತ್ತು ನಾನು ಚುಚ್ಚಿದೆ."

"ಸುಳ್ಳು! ಆರು ವರ್ಷದಿಂದ ತಾವೇ ಚುಚ್ಚಿಕೊಂಡ್ರೂ ಒಂದು ದಿನಾನೂ ನೋವು ಅನ್ನದವರು ಇವತ್ತು ಕಿಟಾರನೆ ಕಿರುಚಿದ್ರು. ತಿಂಡೀನೂ ಸರಿಯಾಗೇ ತಿಂದಿದ್ರು. ಪೊಲೀಸರಿಗೆ ಹೇಳದೆ ಬಿಡಲ್ಲ," ಎಂದರು ಅತ್ತೆ.

ಸೀಸೆ ಅಂದೇ ತೆರೆದದ್ದು. ಕಡಿಮೆಯಾಗಿದ್ದದ್ದು ನಲವತ್ತು ಯೂನಿಟ್ಟೇ. ಡಾಕ್ಟರಮ್ಮ ಗೂಟದಲ್ಲಿದ್ದ ದರ್ಜಿಯ ಪ್ಯಾಂಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲದರಲ್ಲೂ ಸೊಂಟದ ಬಲಗಡೆಯ ಹೊಲಿಗೆ ಮಾತ್ರ ಬಿಚ್ಚಿ ಅಗಲ ಮಾಡಿತ್ತು. ನನಗೆ ತಲೆಬುಡ ತಿಳಿಯಲಿಲ್ಲ.

"ಯಾವ ಕಡೆ ಚುಚ್ಚಿದೆ?"

"ಹೊಟ್ಟೆಯ ಎಡಗಡೆ. ಬಲಗಡೆಗೆ ಅವರ ಮುರಿದ ಕೈಯ ಪಟ್ಟಿ ಅಡ್ಡ ಬರ್ತಿತ್ತು."

ಸಂಜೆ ದರ್ಜಿ ಕಣ್ಣು ಬಿಟ್ಟರು. ಆಸ್ಪತ್ರೆಯ ಮಂಚದ ಸುತ್ತ ಎಲ್ಲರನ್ನೂ ನಿಲ್ಲಿಸಿ ಡಾಕ್ಟರಮ್ಮ ಮಾತು ಶುರು ಮಾಡಿದರು.

"ಸಕ್ಕರೆ ಕಾಯಿಲೆ ಕಾಲಿನ ನರಗಳನ್ನಷ್ಟೇ ತಿನ್ನಲ್ಲ, ಚರ್ಮದ ಕೆಳಗಿನ ಕೊಬ್ಬಿನಲ್ಲಿರೋ ನರಗಳನ್ನೂ ಸವೆಸುತ್ತೆ. ಅದರ ಮೇಲೆ ಆರು ವರ್ಷ ಹೊಟ್ಟೆಯ ಬಲಗಡೆ ಒಂದೇ ಜಾಗಕ್ಕೆ ಸೂಜಿ. ಅಲ್ಲಿ ಕೊಬ್ಬು ಗಡ್ಡೆ ಕಟ್ಟಿತು. ಆ ಬದಿ ಪ್ಯಾಂಟು ಬಿಗಿಯಾಯ್ತು, ಅದಕ್ಕೇ ಹೊಲಿಗೆ ಬಿಚ್ಚಿಕೊಂಡ್ರು. ನೋವೂ ಸತ್ತುಹೋಯ್ತು. ಔಷಧಿ ಸರಿಯಾಗಿ ರಕ್ತ ಸೇರ್ತಿರಲಿಲ್ಲ. ಸಕ್ಕರೆ ಇಳೀಲಿಲ್ಲ ಅಂತ ಡೋಸ್ ಏರಿಸ್ತಾ ಹೋದ್ರು. ಇವತ್ತು ಎಡಗಡೆ ನರಕ್ಕೆ ಜೀವ ಇತ್ತು, ಅದಕ್ಕೇ ಕಿರುಚಿದ್ದು. ನಲವತ್ತಕ್ಕೆ ನಲವತ್ತೂ ರಕ್ತಕ್ಕೆ ಹೋಯ್ತು. ಈ ಹುಡುಗಿ ಕೊಟ್ಟಿದ್ದು ಸರಿಯಾದ ಜಾಗಕ್ಕೆ."

ಅತ್ತೆ ಸೊಸೆಯ ಕೈ ಹಿಡಿದುಕೊಂಡು ಬಿಕ್ಕಿದರು. "ಹಾಗಾದ್ರೆ ತಪ್ಪು ಯಾರದ್ದು?"

"ಅಲ್ಲೇ ಚುಚ್ಚಿಕೊಳ್ಳಿ, ಆಮೇಲಾಮೇಲೆ ನೋವೇ ಗೊತ್ತಾಗಲ್ಲ ಅಂತ ಹೇಳಿಕೊಟ್ಟವನದ್ದು." ಡಾಕ್ಟರಮ್ಮ ನನ್ನತ್ತ ತಿರುಗಿದರು. "ಕ್ಲಿನಿಕ್ಕಲ್ಲಿ ಚುಚ್ಚೋದು ಹೇಳಿಕೊಡೋನು ನೀನೇ ಅಲ್ವೇನಪ್ಪಾ?"

ನನಗೆ ಸಿಡಿಲು ಬಡಿದಂತಾಯಿತು. ನಾನೇ. ಉಪಕಾರ ಮಾಡುತ್ತಿದ್ದೇನೆಂದು ಬೀಗುತ್ತಲೇ ಹೇಳಿಕೊಟ್ಟಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸೊಸೆ ಬೈಯಲಿಲ್ಲ. "ಅಣ್ಣಾ, ಇನ್ನೂ ಎಷ್ಟು ಜನಕ್ಕೆ ಹೀಗೆ ಹೇಳಿಕೊಟ್ಟಿದ್ದೀರಿ?" ಎಂದಳು.

"ಕ್ಲಿನಿಕ್ಕಿಗೆ ಬಂದ ಎಲ್ಲರಿಗೂ," ಎಂದೆ.

ಡಾಕ್ಟರಮ್ಮ ನನ್ನ ಕೈಯಿಂದ ಚೀಲ ತೆಗೆದುಕೊಂಡರು. "ಇವತ್ತು ಇದನ್ನ ನಾನು ಹಿಡ್ಕೋತೀನಿ. ನಡಿ, ಮೊದಲನೇ ಮನೆ ಯಾವುದು?"