ಒಂದು ಬೊಗಸೆ ನೀಲಿ ಕಾಳು

“ಅವನಿಗೆ ಮಾತು ಬರದಿದ್ರೇನು ತಾತ, ಅವನ ಪರವಾಗಿ ನಾನು ಮಾತಾಡ್ತೀನಿ” ಎಂದು ಮೆಣಸಿ ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು. ಆಗ ಅವಳಿಗೆ ಆರು ವರ್ಷ. ಕುಳ್ಳ ಅವಳ ಸ್ಕೂಲ್ ಬ್ಯಾಗಿನೊಳಗೆ ಮಲಗುವಷ್ಟು ಪುಟ್ಟ ನಾಯಿಮರಿ. “ಮೂಕಪ್ರಾಣಿ ಕಣೇ, ಹೊಟ್ಟೆನೋವು ಅಂತ ಹೇಳೋಕೂ ಬಾಯಿಲ್ಲ, ಬೇಡ” ಎನ್ನುತ್ತಿದ್ದ ತಾತ ಆ ಒಂದು ಮಾತಿಗೆ ಒಪ್ಪಿಬಿಟ್ಟಿದ್ದರು.

ಅಷ್ಟು ಬಾಯಿದ್ದ ಮೆಣಸಿಗೆ ಇವತ್ತು ನಾಯಿ ಡಾಕ್ಟರ ಮುಂದೆ ನಾಲಿಗೆಯೇ ಏಳುತ್ತಿರಲಿಲ್ಲ.

ಮೇಜಿನ ಮೇಲೆ ಕುಳ್ಳ ನಡುಗುತ್ತಿದ್ದ. ಚಳಿಗೆ ನಡುಗುವ ಹಾಗಲ್ಲ. ಹೊಲಿಗೆ ಮೆಷಿನ್ ಓಡುವಾಗ ಅದರ ಮೇಲಿಟ್ಟ ಕತ್ತರಿ ಅದುರುತ್ತದಲ್ಲ, ಹಾಗೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

“ಏನು ತಿಂದ?” ಡಾಕ್ಟರಮ್ಮ ಕೇಳಿದರು.

ತಾತ ಜೇಬಿನಿಂದ ಪ್ಯಾಕೆಟ್ ತೆಗೆದರು. “ತೊಟ್ಟಿಗಳಲ್ಲಿ ಕೋಸಿನ ಸಸಿ ಹಾಕಿದ್ದೆ ಮೇಡಂ. ಸಿಂಬಳದ ಹುಳುಗಳ ಕಾಟ. ಅದಕ್ಕೆ ಈ ನೀಲಿ ವಿಷದ ಕಾಳು ತಂದೆ. ಆದ್ರೆ ಇದಲ್ಲ ಬಿಡಿ. ಅಂಗಿಗೆ ಗುಂಡಿ ಹಾಕಿದ ಹಾಗೆ, ಗೇಣಿಗೊಂದು ಕಾಳು ಹಾಕಿಸಿದೀನಿ. ಅದರಲ್ಲಿ ಎಷ್ಟು ತಿಂದಿರ್ತಾನೆ?”

ತಾತ ಮೂವತ್ತು ವರ್ಷ ಟೈಲರ್ ಆಗಿದ್ದವರು. ಅವರಿಗೆ ಎಲ್ಲವೂ ಗೇಣಿನ ಲೆಕ್ಕ.

“ಹಾಗಾದ್ರೆ ಫಿಟ್ಸ್ ಇರಬಹುದು. ಕಾಳೇ ಆಗಿದ್ರೆ ಈಗಲೇ ಹೊಟ್ಟೆ ತೊಳೀಬೇಕು. ಸರಿಯಾಗಿ ಗೊತ್ತಾ ನಿಮಗೆ?”

ಮೆಣಸಿ ಮುಷ್ಟಿ ಬಿಗಿ ಹಿಡಿದಳು. ಬೆಳಗ್ಗೆ ತಾತ ಕಾಳು ಕೈಗೆ ಕೊಟ್ಟ ಹೊತ್ತಿಗೇ ಬೀದಿಯಿಂದ ಕೂಗು ಬಂದಿತ್ತು: “ಬೇಗ ಬಾರೇ, ನಿನ್ನ ಬ್ಯಾಟಿಂಗ್ ಹೋಗುತ್ತೆ!” ಹನ್ನೆರಡು ತೊಟ್ಟಿಗೆ ಗೇಣು ಅಳೆಯುತ್ತ ಕೂತರೆ ಆಟ ಮುಗಿದಂತೆಯೇ. ಹುಳುಗಳೇ ಹಂಚಿಕೊಂಡು ತಿನ್ನಲಿ ಎಂದುಕೊಂಡಿದ್ದಳು.

ಕುಳ್ಳನ ಕಣ್ಣು ಅವಳ ಮೇಲೇ ಇತ್ತು.

“ಗೇಣಿಗೊಂದು ಹಾಕಲಿಲ್ಲ” ಎಂದಳು ಮೆಣಸಿ. “ಕೊನೇ ತೊಟ್ಟಿ ಹಿಂದೆ ಎಲ್ಲಾ ಸುರಿದುಬಿಟ್ಟೆ. ಒಂದು ಬೊಗಸೆ. ಹತ್ತು ಗಂಟೆಗೆ. ಆಟ ಮುಗಿಸಿ ಬಂದಾಗ ಒಂದೂ ಇರಲಿಲ್ಲ.”

“ಯಾರ ಬೊಗಸೆ?”

ಅವಳು ಎರಡೂ ಕೈ ಜೋಡಿಸಿ ತೋರಿಸಿದಳು. ಅಂಗೈ ಗೆರೆಗಳಲ್ಲಿ ಇನ್ನೂ ನೀಲಿ ಅಂಟಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಅದಕ್ಕೆ ಪುರಸೊತ್ತೂ ಇರಲಿಲ್ಲ. ಸಿರಿಂಜ್ ತುಂಬಿಸುತ್ತ, “ಮಗು ಕೈಗೆ ವಿಷ ಕೊಟ್ಟಿದ್ದು ಯಾರು?” ಎಂದರು.

“ನಾನೇ” ಎಂದರು ತಾತ.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಒಂದು ಗೇಣು ಬಿಟ್ಟು. ಆಮೇಲೆ ತಾತನೇ ಆ ಗೇಣು ಸರಿದು ಕೂತರು.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. “ನಡುಕ ನಿಂತಿದೆ. ಎರಡು ದಿನ ಇಲ್ಲೇ ಇರಲಿ.”

ಕುಳ್ಳ ನಾಲಿಗೆ ಹೊರಗೆ ಹಾಕಿಕೊಂಡು ನಿದ್ದೆ ಹೋಗಿದ್ದ.

“ಏನಂತಾನೆ?” ಕೇಳಿದರು ತಾತ.

“ನೀಲಿ ಕಾಳು ಬೇಡವಂತೆ. ಹುಳು ನಾನೇ ಕೈಯಲ್ಲಿ ಆರಿಸಬೇಕಂತೆ.”

“ಸಿಂಬಳದ ಹುಳು? ಕೈಯಲ್ಲಿ? ನೀನು?”

“ಹೂಂ. ಅವನು ಹೇಳ್ತಿದಾನೆ.”

ಮೆಣಸಿ ಮಾತು ಉಳಿಸಿಕೊಂಡಳು, ಸ್ವಲ್ಪ ತಡವಾಗಿ.