ಎನಾಕನ ಎಡಗಾಲ ಬೂಟು

"ಆ ಗೋಡೆಗೆ ಎಡಗಾಲು ತಾಗಿಸ್ದೆ ಮೈದಾನಕ್ಕೆ ಇಳೀಬೇಡ ಕಣಪ್ಪಾ. ಎನಾಕನ್ನ ಮಾತಾಡಿಸಿ ಹೋಗು," ಎಂದಳು ಮೇವಿಸ್, ಮೈದಾನದ ಪಕ್ಕದ ತನ್ನ ಚಹಾ ಗೂಡಂಗಡಿಯ ಕಿಟಕಿಯಿಂದ.

"ನಿಮ್ಮ ಎನಾಕ್ ಗೋಲು ಹೊಡೀತಾನಾ? ಹಂಗಿದ್ರೆ ತಂಡಕ್ಕೇ ಹಾಕ್ಕೋತೀನಿ ಬಿಡಿ," ಎಂದು ಕ್ಲೈವ್ ನಕ್ಕ.

ಕ್ಲೈವ್ ಗಾರ್ಸೈಡ್ ಲೀಡ್ಸ್ ಕಡೆಯಿಂದ ಬಂದ, ನಮ್ಮ ಫುಟ್ಬಾಲ್ ತಂಡದ ಹೊಸ ತರಬೇತುದಾರ. ನಾಲಗೆ ಬಲು ಚುರುಕು. ಹ್ಯಾಗ್ ಲೇನಿನ ನಮ್ಮ ಪುಟ್ಟ ಮೈದಾನದ ಕತೆ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜನ ಕೂತು ಆಟ ನೋಡುವ ಮರದ ಸ್ಟ್ಯಾಂಡನ್ನು ಬಹಳ ಹಿಂದೆ ಕಟ್ಟಿದವರು ಕಲ್ಲಿದ್ದಲು ಗಣಿಯ ಕೆಲಸದವರು, ಪಾಳಿ ಮುಗಿಸಿ ಬಂದು. ಸುರಿಯುವ ಮಳೆಯಲ್ಲೇ ತಗಡು ಹೊದಿಸಬೇಕೆಂದು ಕ್ಲಬ್ಬಿನ ಹಿರಿಯರು ಹಟ ಹಿಡಿದಾಗ ಮಾಡಿನಿಂದ ಜಾರಿ ಬಿದ್ದವನು ಎನಾಕ್. ತಂಡದಲ್ಲಿ ಅವನಂಥ ಎಡಗಾಲಿನ ಆಟಗಾರ ಇನ್ನೊಬ್ಬನಿರಲಿಲ್ಲ. ಆ ಕಾಲೇ ಮುರಿದು ಕೊಳೆಯಿತು. ಕತ್ತರಿಸಿದರೂ ಹುಡುಗ ಉಳಿಯಲಿಲ್ಲ. ಅವನ ತಾಯಿ ಮೈದಾನದ ನಡುವೆ ನಿಂತು, "ನನ್ನ ಮಗನಿಗಿಲ್ಲದ ಕಾಲು ಇಲ್ಲಿ ಯಾರಿಗೂ ಬೇಡ!" ಎಂದು ಮಣ್ಣು ತೂರಿ ಶಪಿಸಿದಳು. ಒಬ್ಬರಾದ ಮೇಲೊಬ್ಬರ ಎಡಗಾಲು ಮುರಿಯತೊಡಗಿತು. ಕೊನೆಗೆ ಮಾಟ ಬಲ್ಲ ಮುದುಕಿಯೊಬ್ಬಳು ಬಂದು, ಎನಾಕನ ಎಡಗಾಲ ಬೂಟನ್ನು ಸ್ಟ್ಯಾಂಡಿನ ಕೆಳಗಿನ ಇಟ್ಟಿಗೆ ಗೋಡೆಯೊಳಗೆ ಇಡಿಸಿ ಮುಚ್ಚಿಸಿದಳು. ಅಂದಿನಿಂದ ಅಲ್ಲಿಗೆ ಕಾಲು ತಾಗಿಸಿ, ಅವನ ಹೆಸರು ಹೇಳಿಯೇ ನಾವು ಆಟಕ್ಕಿಳಿಯುವುದು.

ಆಟಗಾರರು ಬರುವ ದಾರಿ ಇಕ್ಕಟ್ಟೆಂದು ಕ್ಲೈವ್ ಆ ಗೋಡೆಗೇ ಸುತ್ತಿಗೆ ಹಾಕಿದ. ಒಣಗಿ ಮುರುಟಿದ ಬೂಟು ಹೊರಬಂತು.

"ಇದೇನಾ ನಿಮ್ಮ ದೆವ್ವ? ನಾತ ನೋಡಿದ್ರೆ ಹೌದು ಅನ್ಸುತ್ತೆ," ಎಂದು ಅದನ್ನು ಕಸದ ಲಾರಿಗೆ ಎಸೆದ. ನಮಗೆಲ್ಲ ಮೈ ಉರಿಯಿತು. ಆದರೆ ಗೆಲ್ಲಿಸುತ್ತಿದ್ದ ತರಬೇತುದಾರನನ್ನು ಬೈಯುವವರು ಯಾರು?

ಮೇವಿಸ್ ಮಾತ್ರ ಬಿಳಿಚಿಕೊಂಡಳು. "ಅವನ ಬೂಟು ಕಿತ್ಕೊಂಡ್ಬಿಟ್ಯಲ್ಲೋ. ಇನ್ನು ಬೇರೇದು ಕೇಳ್ತಾನೆ."

ಕ್ಲೈವನಿಗೆ ಒಬ್ಬಳೇ ಮಗಳು, ಟೆಸ್. ತಾಯಿಯಿಲ್ಲದ ಮಗು, ಅವನ ಜೀವವೆಲ್ಲ ಅವಳ ಮೇಲೆ. ಅವಳೂ ಚೆಂಡು ಒದೆಯುತ್ತಿದ್ದುದು ಎಡಗಾಲಲ್ಲೇ.

ಡಿಸೆಂಬರಿನ ಒಂದು ಶನಿವಾರ. ಆಟ ಮುಗಿದು ಜನ ಚದುರಿದ್ದರು. ಸಂಜೆಗೆ ಮೊದಲೇ ಕತ್ತಲು, ಮೇಲೆ ಮಂಜು. ಕ್ಲೈವ್ ಮೂಲೆಯ ಬಾವುಟಗಳನ್ನು ಕೀಳುತ್ತಿದ್ದ. ಟೆಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಒದ್ದೆ ಚರ್ಮದ ವಾಸನೆ ಕ್ಲೈವನ ಮೂಗಿಗೆ ಬಡಿಯಿತು, ಜೊತೆಗೆ ಆಟಗಾರರು ಕಾಲಿಗೆ ತಿಕ್ಕುವ ನೋವಿನೆಣ್ಣೆಯ ಘಾಟು. ಸ್ಟ್ಯಾಂಡಿನ ಹಲಗೆಯ ಮೇಲೆ ಸದ್ದು. ಟಕ್. ಬಹಳ ಹೊತ್ತಿಗೆ ಇನ್ನೊಂದು. ಟಕ್. ಒಂದೇ ಕಾಲಿನ ಹೆಜ್ಜೆ.

"ಅಪ್ಪಾ," ಮಂಜಿನೊಳಗಿಂದ ಟೆಸ್ ಕೂಗಿದಳು, "ಇವ್ರು ನನ್ ಬೂಟು ಕೇಳ್ತಿದಾರೆ."

"ಯಾರು?"

"ಗೊತ್ತಿಲ್ಲ. ಒಂದೇ ಕಾಲು. ಬಿಚ್ಚಿ ಕೊಟ್ಟೆ ಅಪ್ಪಾ. ಬೂಟು ಸಾಕಾಗಲ್ವಂತೆ. ಕಾಲೂ ಬೇಕಂತೆ."

ಕ್ಲೈವ್ ಓಡಿದ. ಮೆಟ್ಟಿಲು ಹತ್ತಿದ. ಮಗಳಿಲ್ಲ. ಟಕ್. ಸದ್ದು ಈಗ ಕೆಳಗೆ. ಟಕ್. ಗೋಡೆಯ ಹತ್ತಿರ. ಮಗು ಚೀರಿತು. ಇಳಿದ. ಜಾರಿದ. ಎದ್ದ. ಒಡೆದ ಗೋಡೆಯ ಕಂಡಿಯೊಳಗೆ ಟೆಸ್ಸಳ ಎಡಗಾಲು, ಮೊಣಕಾಲಿನವರೆಗೆ. ಹಿಡಿದು ಎಳೆದ. ಬರಲಿಲ್ಲ. ಒಳಗಿನಿಂದಲೂ ಯಾರೋ ಎಳೆಯುತ್ತಿದ್ದರು.

"ಎನಾಕ್!" ಆ ಹೆಸರನ್ನು ಕರೆದದ್ದು ಅದೇ ಮೊದಲು. "ಅವಳ್ದು ಬಿಡು! ನಂದು ತಗೋ!"

ತನ್ನ ಎಡಗಾಲನ್ನು ಬೂಟಿನ ಸಮೇತ ಕಂಡಿಗೆ ತುರುಕಿದ. ತಣ್ಣನೆಯ ಬೆರಳುಗಳು ಅವನ ಹಿಮ್ಮಡಿ ಹಿಡಿದವು. ಟೆಸ್ ಹೊರಗೆ ಬಿದ್ದಳು. ಮೇಲಿನ ಇಟ್ಟಿಗೆಗಳು ಕಳಚಿ ಅವನ ಕಾಲ ಮೇಲೆ ಬಿದ್ದವು.

ಕೂಗು ಕೇಳಿ ಓಡಿಹೋದ ನಾವು ಅವನನ್ನು ಎಳೆದು ತೆಗೆದೆವು. ಪಾದ ಬರಲಿಲ್ಲ. ಒಂದೊಂದೇ ಇಟ್ಟಿಗೆ ಸರಿಸಿ ಹುಡುಕಿದರೂ ಸಿಗಲಿಲ್ಲ. "ಸಾಕು, ಮುಚ್ರಿ," ಎಂದಳು ಮೇವಿಸ್ ಅಳುತ್ತ. ಮುಚ್ಚಿದೆವು.

ಟೆಸ್ ಈಗಲೂ ಎಡಗಾಲಲ್ಲೇ ಆಡುತ್ತಾಳೆ. ಕ್ಲೈವ್ ಊರುಗೋಲು ಹಿಡಿದು ಆಟದ ದಿನ ಆ ಗೋಡೆಯ ಪಕ್ಕ ನಿಂತಿರುತ್ತಾನೆ. ಮೊನ್ನೆ ಹೊಸದಾಗಿ ಸೇರಿದ ಆಟಗಾರನೊಬ್ಬ ನಗುತ್ತ, "ಎನಾಕ್ ಸಾಹೇಬ್ರೆ, ಬರ್ಲಾ?" ಎಂದು ಗೋಡೆಗೆ ಕಾಲು ತಾಗಿಸಿದ.

ಕ್ಲೈವ್ ಊರುಗೋಲನ್ನು ಅಡ್ಡ ಹಿಡಿದ.

"ಎನಾಕ್ ಹೋದ ಕಣೋ. ಈಗ ಒಳಗಿರೋದು ನನ್ ಕಾಲು, ನನ್ ಹೆಸರು ಹೇಳು."